ಹಾಲ್ಬ್ ದ್ರೈ ಅಂದರೆ ಎರಡೂವರೆ: ಜರ್ಮನಿಗೆ ಹೊರಟ ಯುವ ಗುರುಗಳಿಗೆ

ಫಾದರ್, ನಮಸ್ಕಾರ.

ಯಾಜಕದೀಕ್ಷೆಯಾಗಿ ಎರಡು ವರ್ಷವಾಗಿದೆ, ಬಿಷಪ್ಪರು ಜರ್ಮನಿಯ ಔಗ್ಸ್‌ಬರ್ಗ್ ಕಡೆಯ ಹಳ್ಳಿಗಳಿಗೆ ಕಳಿಸುತ್ತಿದ್ದಾರೆ, ಸೆಪ್ಟೆಂಬರಿಗೆ ಕೆಲಸ ಶುರು ಅಂತ ಬರೆದಿದ್ದೀರಿ. ಅಲ್ಲಿ ದಿನ ಹೇಗಿರುತ್ತದೆ, ಏನು ಕಷ್ಟ, ಏನು ತರಬೇಕು ಅಂತ ಕೇಳಿದ್ದೀರಿ. ಚಳಿಯ ಬಗ್ಗೆ ನಿಮಗೆ ಎಲ್ಲರೂ ಹೇಳಿರುತ್ತಾರೆ. ಚಳಿಗೆ ಜಾಕೆಟ್ ಇದೆ, ಅದನ್ನು ಆಮೇಲೆ ನೋಡೋಣ. ಇಲ್ಲಿ ನಮ್ಮ ಗುರುಗಳು ನಿಜಕ್ಕೂ ಕಷ್ಟಪಡುವುದು ಕೇಳಿಸಿಕೊಳ್ಳುವುದರಲ್ಲಿ. ಜನ ಅವರನ್ನು ತಮ್ಮವರು ಅಂದುಕೊಳ್ಳುವುದೂ ಪ್ರಬೋಧನೆಯಿಂದ, ಅಂದರೆ ಪೂಜೆಯಲ್ಲಿ ಮಾಡುವ ಉಪದೇಶದಿಂದಲ್ಲ, ಸಾವಿನ ಮನೆಯಲ್ಲಿ ಅವರು ಹೇಗೆ ಕೂತು ಕೇಳಿದರು ಅನ್ನುವುದರಿಂದ. ಆದ್ದರಿಂದ ಆ ವಿಷಯವನ್ನೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಒಂದು ವಾರದ ಲೆಕ್ಕ. ನಿಮಗೆ ಸಿಗುವುದು ಒಂದು ಧರ್ಮಕೇಂದ್ರವಲ್ಲ, ನಾಲ್ಕೈದು ಹಳ್ಳಿಗಳ ಧರ್ಮಕೇಂದ್ರಗಳನ್ನು ಒಟ್ಟುಗೂಡಿಸಿದ ಒಂದು ಗುಂಪು. ಶನಿವಾರ ಸಂಜೆ ಒಂದು ಬಲಿಪೂಜೆ (ಮಾಸ್), ಭಾನುವಾರ ಎಂಟೂವರೆಗೆ ಒಂದೂರಲ್ಲಿ, ಹತ್ತಕ್ಕೆ ಇನ್ನೊಂದೂರಲ್ಲಿ. ನಡುವೆ ಆರೇಳು ಕಿಲೋಮೀಟರ್ ಮಂಜು ಮುಸುಕಿದ ರಸ್ತೆ. ವಾರದ ದಿನಗಳಲ್ಲಿ ಸಂಜೆ ಒಂದೊಂದು ಊರಿಗೆ ಒಂದೊಂದು ಪೂಜೆ. ಹದಿನೈದು ಜನ ಬಂದರೆ ಆ ಸಂಜೆ ಚೆನ್ನಾಗಿತ್ತು ಅಂದುಕೊಳ್ಳಬೇಕು. ನಮ್ಮೂರ ತುಂಬಿದ ಚರ್ಚು ಕಣ್ಣಲ್ಲಿ ಇಟ್ಟುಕೊಂಡು ಬಂದವರಿಗೆ ಇದು ಎದೆಗೆ ತಟ್ಟುತ್ತದೆ. 2022 ಒಂದೇ ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಇಲ್ಲಿನ ಕಥೋಲಿಕ ಸಭೆಯಿಂದ ಅಧಿಕೃತವಾಗಿ ಹೊರಬಿದ್ದರು. ಅದು ನಿಮ್ಮಿಂದ ಆದದ್ದಲ್ಲ, ನೀವೊಬ್ಬರೇ ಬಂದು ಸರಿಮಾಡುವಂಥದ್ದೂ ಅಲ್ಲ. ಖಾಲಿ ಬೆಂಚುಗಳ ಬಗ್ಗೆ ಬಂದವರ ಮುಂದೆ ಪೀಠದಿಂದ ಗದರಬೇಡಿ. ಬಂದ ಹದಿನೈದು ಜನರಿಗೆ ಅದು ಬಹಳ ನೋವು ಕೊಡುತ್ತದೆ.

ಇಲ್ಲಿ ಗುರುಗಳು ಒಬ್ಬರೇ ಯಜಮಾನರಲ್ಲ. ದೇವಶಾಸ್ತ್ರ ಓದಿ ಸಂಬಳಕ್ಕೆ ಕೆಲಸ ಮಾಡುವ ಗೃಹಸ್ಥರಿದ್ದಾರೆ, ಅವರಲ್ಲಿ ಹೆಂಗಸರೂ ಬಹಳ. ಹಣದ ವಿಷಯಕ್ಕೆ ಪ್ರತಿ ಊರಲ್ಲೂ ಜನರೇ ಆರಿಸಿದ ಆಡಳಿತ ಮಂಡಳಿ ಇದೆ, ಕಚೇರಿಗೆ ಕಾರ್ಯದರ್ಶಿ ಇದ್ದಾರೆ. ಪೂಜೆಯ ಪಾತ್ರೆ, ಉಡುಪು, ಗಂಟೆ, ದೀಪ ಎಲ್ಲವೂ ಮೆಸ್ನರ್ ಅನ್ನುವವರ ಕೈಯಲ್ಲಿ. ಮೊದಲ ವಾರವೇ ಮೆಸ್ನರ್ ಹತ್ತಿರ ಹೋಗಿ "ಈ ಊರಲ್ಲಿ ಪದ್ಧತಿ ಹೇಗೆ?" ಅಂತ ಕೇಳಿ. ಪಕ್ಕಪಕ್ಕದ ಊರಲ್ಲೂ ಪದ್ಧತಿ ಬೇರೆ ಬೇರೆ: ಒಂದೂರಲ್ಲಿ ಪರಮಪ್ರಸಾದಕ್ಕೆ ಸಾಲು ಎಡದಿಂದ, ಇನ್ನೊಂದೂರಲ್ಲಿ ನಡುವಿನಿಂದ. ಕೇಳದೆ ಬದಲಾಯಿಸಿದರೆ ಮುನಿಸು ವರ್ಷಗಟ್ಟಲೆ ಉಳಿಯುತ್ತದೆ.

ಈಗ ಸಾವಿನ ವಿಷಯ. ನಮ್ಮಲ್ಲಿ ಬೆಳಿಗ್ಗೆ ತೀರಿಕೊಂಡರೆ ಸಂಜೆಗೋ ಮರುದಿನಕ್ಕೋ ಮಣ್ಣು. ಇಲ್ಲಿ ನಾಲ್ಕೈದು ದಿನ ಹಿಡಿಯುತ್ತದೆ. ದಹನ ಮಾಡಿ ಬೂದಿಯ ಕಲಶವನ್ನು ಹೂಳುವುದಾದರೆ ಎರಡು ಮೂರು ವಾರವೂ ಆಗಬಹುದು. ಕಲಶ ನೋಡಿ ಗಾಬರಿ ಬೇಡ, 1963ರಿಂದ ಸಭೆ ದಹನಕ್ಕೆ ಅವಕಾಶ ಕೊಟ್ಟಿದೆ. ಮೊದಲ ಫೋನು ಬರುವುದು ಮನೆಯವರಿಂದಲ್ಲ, ಅಂತ್ಯಕ್ರಿಯೆ ನಡೆಸುವ ಸಂಸ್ಥೆಯವರಿಂದ. ಅವರು ಹೆಸರು, ಫೋನ್ ನಂಬರು, ದಿನ, ವೇಳೆ ಸರಸರ ಹೇಳಿ ಮುಗಿಸುತ್ತಾರೆ. ಎಡವುವುದು ಇಲ್ಲೇ. "ಹಾಲ್ಬ್ ದ್ರೈ" ಅಂದರೆ ಅಕ್ಷರಶಃ "ಅರ್ಧ ಮೂರು". ನಮ್ಮ ಕಿವಿಗೆ ಅದು ಮೂರೂವರೆ. ಇವರ ಲೆಕ್ಕದಲ್ಲಿ ಮೂರಕ್ಕೆ ಅರ್ಧ ಗಂಟೆ ಬಾಕಿ, ಅಂದರೆ ಎರಡೂವರೆ. ನೀವು ಹೋಗುವ ಸ್ವಾಬಿಯಾ ಪ್ರದೇಶದ ಹಳ್ಳಿಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ: "ಫಿಯರ್ಟೆಲ್ ದ್ರೈ", ಅಂದರೆ "ಕಾಲು ಮೂರು", ಎರಡೂಕಾಲು. "ದ್ರೈಫಿಯರ್ಟೆಲ್ ದ್ರೈ" ಎರಡೂಮುಕ್ಕಾಲು. ಸ್ಮಶಾನದಲ್ಲಿ ಎಂಬತ್ತು ಜನ ಕಪ್ಪು ಕೋಟಿನಲ್ಲಿ ನಿಂತಿರುವಾಗ ಗುರುಗಳು ಒಂದು ಗಂಟೆ ತಡವಾದರೆ ಆ ಮನೆಯವರು ಅದನ್ನು ಯಾವತ್ತೂ ಮರೆಯುವುದಿಲ್ಲ. ವೇಳೆಯನ್ನು 14.30 ಅಂತ ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ತಿರುಗಿ ಹೇಳಿ, ಅವರಿಂದ ಹೌದು ಅನ್ನಿಸಿಕೊಳ್ಳಿ. ಸಂಖ್ಯೆಗಳೂ ಹಾಗೆಯೇ ತಿರುಗುಮುರುಗು. ಇಪ್ಪತ್ಮೂರನ್ನು "ಮೂರು ಮತ್ತು ಇಪ್ಪತ್ತು" ಅನ್ನುತ್ತಾರೆ, ನೀವು ಆತುರದಲ್ಲಿ 32 ಬರೆದಿರುತ್ತೀರಿ. ಫೋನ್ ನಂಬರನ್ನು ಒಂದೊಂದೇ ಅಂಕಿ ಹೇಳಲು ಕೇಳಿ.

ಆಮೇಲೆ ಮನೆಯವರಿಗೆ ನೀವೇ ಫೋನ್ ಮಾಡಿ, ಒಂದು ಗಂಟೆ ಅವರ ಮನೆಯಲ್ಲಿ ಕೂರಬೇಕು. ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳಿ, ಮೊಬೈಲ್ ಬೇಡ. ಪೂರ್ತಿ ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಹೆಂಗಸಾದರೆ ತವರಿನ ಹೆಸರೂ ಬೇಕು. ಹುಟ್ಟಿದ ಊರು ಕೇಳಿ. ತುಂಬ ವಯಸ್ಸಾದವರಲ್ಲಿ ಕೆಲವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಈಗಿನ ಚೆಕ್ ದೇಶದ ಸುಡೇಟನ್ ಪ್ರದೇಶದಿಂದಲೋ ಈಗಿನ ಪೋಲೆಂಡಿನ ಸಿಲೇಸಿಯಾದಿಂದಲೋ ಓಡಿಸಲ್ಪಟ್ಟು ಚಿಕ್ಕ ಮಕ್ಕಳಾಗಿ ಇಲ್ಲಿಗೆ ಬಂದವರು. ಆ ಒಂದು ಪ್ರಶ್ನೆಯಿಂದ ಇಡೀ ಬದುಕು ಬಿಚ್ಚಿಕೊಳ್ಳುತ್ತದೆ. ಕೆಲಸ, ಮದುವೆ, ಮಕ್ಕಳು ಹಿರಿಯರಿಂದ ಕಿರಿಯರವರೆಗೆ, ಊರಿನ ಅಗ್ನಿಶಾಮಕ ದಳದಲ್ಲೋ ವಾದ್ಯವೃಂದದಲ್ಲೋ ಇದ್ದರೇ ಅಂತ ಕೇಳಿ. ಇದ್ದರೆ ಆ ಸಂಘದವರು ಬಾವುಟ ತರುತ್ತಾರೆ, ಗೋರಿಯ ಮೇಲೆ ಅದನ್ನು ಬಾಗಿಸುವ ಹೊತ್ತಿಗೆ ನೀವು ಸುಮ್ಮನೆ ನಿಲ್ಲಬೇಕು. ಯಾವುದಾದರೂ ಮಗನ ಅಥವಾ ಮಗಳ ಹೆಸರು ಬಂದಾಗ ಮಾತು ನಿಂತುಹೋದರೆ ಅಲ್ಲಿ ಜಗಳವಿದೆ ಅಂತ ತಿಳಿಯಿರಿ. ಆ ಹೆಸರನ್ನು ಪ್ರಬೋಧನೆಯಲ್ಲಿ ಹೇಳಬೇಕೋ ಬೇಡವೋ ಅಂತ ನೇರವಾಗಿಯೇ ಕೇಳಿ. ತೀರಿಕೊಂಡವರು ಮೊದಲೇ ಸಭೆಯಿಂದ ಹೊರಬಿದ್ದವರಾಗಿದ್ದರೆ ನೀವು ಅಲ್ಲೇ ಏನೂ ಒಪ್ಪಿಕೊಳ್ಳಬೇಡಿ, ಮುಖ್ಯ ಗುರುಗಳಿಗೆ ತಿಳಿಸಿ. ಏಳುವ ಮುಂಚೆ ತೀರಿಕೊಂಡವರ ಹೆಸರನ್ನು ಗಟ್ಟಿಯಾಗಿ ಓದಿ, "ಸರಿಯಾಗಿ ಹೇಳಿದೆನಾ?" ಅಂತ ಕೇಳಿ. ಅವರು ತಿದ್ದುತ್ತಾರೆ. ಆ ತಿದ್ದುಪಡಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ, ಯಾಕೆಂದರೆ ಗೋರಿಯ ಮುಂದೆ ನಿಮ್ಮ ಕಣ್ಣು ಮೊದಲು ಓದುವುದು ಕನ್ನಡವನ್ನೇ.

ಇಲ್ಲಿ ಯಾರೂ ಗೋಳಾಡುವುದಿಲ್ಲ. ಕೈಕಟ್ಟಿ ಸುಮ್ಮನೆ ಕೂತಿರುತ್ತಾರೆ. ದುಃಖವಿಲ್ಲ ಅಂತ ತಿಳಿಯಬೇಡಿ. ಆ ಮೌನವನ್ನು ಮಾತಿನಿಂದ ತುಂಬಲು ಹೋಗಬೇಡಿ. ಮಣ್ಣು ಮುಗಿದ ಮೇಲೆ ಹೋಟೆಲಿನಲ್ಲಿ ಊಟವಿರುತ್ತದೆ, ಕರೆದರೆ ಅರ್ಧ ಗಂಟೆಯಾದರೂ ಹೋಗಿ ಕೂರಿ. ಆರು ವಾರದ ಮೇಲೆ ಒಂದು ಫೋನ್ ಮಾಡಿ. ಅಷ್ಟು ಹೊತ್ತಿಗೆ ಉಳಿದವರೆಲ್ಲ ಫೋನ್ ಮಾಡುವುದನ್ನು ನಿಲ್ಲಿಸಿರುತ್ತಾರೆ.

ಭಾಷೆ. ಜರ್ಮನ್ ಕಲಿಸುವ ಗೋಟೆ ಇನ್‌ಸ್ಟಿಟ್ಯೂಟಿನ ಬಿ1, ಅಂದರೆ ಮಧ್ಯಮ ಹಂತದ ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಒಂದೊಂದರಲ್ಲೂ ನೂರಕ್ಕೆ 60 ಬೇಕು. ಬಿ1 ಇದ್ದರೆ ಅಂಗಡಿ, ಕಚೇರಿ ನಿಭಾಯಿಸಬಹುದು. ಸಾವಿನ ಮನೆಗೆ ಅದು ಸಾಲದು, ಮುಂದಿನ ಹಂತವಾದ ಬಿ2 ಮುಗಿಸಿಯೇ ಹೊರಡಲು ಪ್ರಯತ್ನಪಡಿ. ನಮ್ಮ ಬಾಯಿಗೆ ಸಿಗದ ದನಿಗಳು ಮೂರು. ಒಂದು, ತುಟಿ "ಊ" ಅನ್ನುವ ಹಾಗೆ ಮುಂದೆ, ನಾಲಿಗೆ "ಈ" ಅನ್ನುವ ಜಾಗದಲ್ಲಿ. ಇದು ಬರದಿದ್ದರೆ "ಸಹೋದರರೇ" ಅನ್ನಬೇಕಾದ ಕಡೆ "ಸಹೋದರ" ಅಂದಂತಾಗುತ್ತದೆ. ಎರಡು, ತುಟಿ "ಓ", ನಾಲಿಗೆ "ಏ". ಮೂರು, "ಯ" ಅನ್ನಲು ನಾಲಿಗೆ ಇಟ್ಟು ಬರೀ ಉಸಿರು ಬಿಡುವುದು. ಚರ್ಚು ಅನ್ನುವ ಜರ್ಮನ್ ಪದದ ನಡುವೆ ಇರುವುದು ಇದೇ ದನಿ. ಅಲ್ಲಿ ನಮ್ಮ "ಶ" ಹಾಕಿದರೆ ಅದು ಚೆರ್ರಿ ಹಣ್ಣಾಗುತ್ತದೆ. ಪದದ ಕೊನೆಗೆ "ಉ" ಸೇರಿಸುವ ನಮ್ಮ ಅಭ್ಯಾಸವನ್ನೂ ಬಿಡಬೇಕು.

ಪ್ರಬೋಧನೆ ಎಂಟು ನಿಮಿಷ ಮೀರದಿರಲಿ, ನಿಧಾನಕ್ಕೆ ಓದಿದರೆ ಎಂಟುನೂರು ಪದ. ಬುಧವಾರದೊಳಗೆ ಬರೆದು, ಊರಿನಲ್ಲಿ ನಿವೃತ್ತ ಮೇಷ್ಟ್ರು ಯಾರಿದ್ದಾರೋ ಅವರಿಂದ ತಿದ್ದಿಸಿ. ಕೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ. 16 ಪಾಯಿಂಟ್ ಅಕ್ಷರದಲ್ಲಿ ಮುದ್ರಿಸಿ, ಉದ್ದ ಪದಗಳನ್ನು ಪೆನ್ಸಿಲಿನಲ್ಲಿ ಗೀರು ಹಾಕಿ ತುಂಡು ಮಾಡಿಕೊಳ್ಳಿ. ಕರುಣೆ ಅನ್ನುವ ಜರ್ಮನ್ ಪದ ಬಾರ್ಮ್, ಹೆರ್ಟ್ಸಿಗ್, ಕೈಟ್ ಅಂತ ಮೂರು ತುಂಡು. ಒತ್ತು ಬೀಳುವ ಜಾಗದ ಕೆಳಗೆ ಗೆರೆ ಎಳೆಯಿರಿ. ಹಳೇ ಚರ್ಚುಗಳಲ್ಲಿ ದನಿ ಪ್ರತಿಧ್ವನಿಸುತ್ತದೆ, ಬಂದವರಲ್ಲಿ ಹೆಚ್ಚಿನವರ ಕಿವಿಯಲ್ಲಿ ಶ್ರವಣಯಂತ್ರ. ಜೋರಾಗಿ ಹೇಳಿದರೆ ಸಾಲದು, ಬಿಡಿಸಿ ಹೇಳಬೇಕು. ಎಷ್ಟು ವರ್ಷ ಹಿಡಿಯುತ್ತದೆ ಅಂತ ಬೇಜಾರಾದಾಗ ಕಿಟ್ಟೆಲರನ್ನು ನೆನಪಿಸಿಕೊಳ್ಳಿ. ಅವರು ಪ್ರಾಟೆಸ್ಟೆಂಟ್ ಬಾಸೆಲ್ ಮಿಷನ್ನಿನವರು, 1853ರಲ್ಲಿ ನಮ್ಮ ಕಡೆಗೆ ಬಂದರು, ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್ ನೀವು ಹೋಗುವ ಊರಿಂದ ಕಾರಿನಲ್ಲಿ ಒಂದು ಬೆಳಗಿನ ದಾರಿ.

ನೀವು, ನೀನು ಅನ್ನುವ ಭೇದ ಇಲ್ಲೂ ಇದೆ, ನಮಗೆ ಸುಲಭ. ದೊಡ್ಡವರಿಗೆಲ್ಲ ಬಹುವಚನವೇ. ಏಕವಚನಕ್ಕೆ ಬರೋಣ ಅಂತ ಹಿರಿಯರು ಬಾಯಿಬಿಟ್ಟು ಹೇಳಬೇಕು. ಆದರೆ ಊಟದ ಮರ್ಯಾದೆ ಬೇರೆ. ನಮ್ಮಲ್ಲಿ ಮೊದಲು "ಬೇಡ" ಅನ್ನುತ್ತೇವೆ, ಅವರು ಒತ್ತಾಯ ಮಾಡುತ್ತಾರೆ, ಆಮೇಲೆ ತಿನ್ನುತ್ತೇವೆ. ಇಲ್ಲಿ ಬೇಡ ಅಂದರೆ ತಟ್ಟೆ ಒಳಗೆ ಹೋಗುತ್ತದೆ. ಹಸಿವಿದ್ದರೆ ಮೊದಲ ಸಲವೇ ಹೌದು ಅನ್ನಿ. ಹೇಳದೆ ಕೇಳದೆ ಮನೆ ಭೇಟಿಗೆ ಹೋಗಬೇಡಿ, ಮೊದಲೇ ದಿನ ಗೊತ್ತುಮಾಡಿ. 80, 85, 90 ತುಂಬಿದವರ ಹುಟ್ಟುಹಬ್ಬಕ್ಕೆ ಗುರುಗಳು ಬರುತ್ತಾರೆ ಅಂತ ಬಹಳ ಕಡೆ ಕಾಯುತ್ತಿರುತ್ತಾರೆ. ಪಟ್ಟಿ ಕಾರ್ಯದರ್ಶಿಯ ಹತ್ತಿರ ಸಿಗುತ್ತದೆ.

ಮಕ್ಕಳ ವಿಷಯದಲ್ಲಿ ತುಂಬ ಎಚ್ಚರ. ಗುರುಗಳಿಂದಾದ ಲೈಂಗಿಕ ದೌರ್ಜನ್ಯದ ಬಗ್ಗೆ 2018ರಲ್ಲಿ ದೊಡ್ಡ ಅಧ್ಯಯನ ಹೊರಬಂದು ಇಡೀ ದೇಶ ನೊಂದಿದೆ. ಪೊಲೀಸ್ ಪ್ರಮಾಣಪತ್ರ ಮತ್ತು ತರಬೇತಿ ಕಡ್ಡಾಯ. ಕೆನ್ನೆ ಚಿವುಟುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನೊಂದಿಗೆ ಇರುವುದು ಯಾವುದೂ ಕೂಡದು. ಪೀಠಸೇವಕ ಮಕ್ಕಳ ಫೋಟೊವನ್ನು ತಂದೆತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಊರಿನ ವಾಟ್ಸಾಪಿಗೆ ಹಾಕಬೇಡಿ.

ಕಾಗದಪತ್ರ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಅದು ಆದ ಮೇಲೆ ತೆರಿಗೆ ಸಂಖ್ಯೆ, ಮನೆಗೆ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕದ ಪತ್ರ ಎಲ್ಲ ತಾವಾಗಿ ಬರುತ್ತವೆ. ಯಾವ ಲಕೋಟೆಯನ್ನೂ ಒಡೆಯದೆ ಇಡಬೇಡಿ. ಆರೋಗ್ಯ ವಿಮೆಯ ಕಾರ್ಡು ಬಂದ ಕೂಡಲೇ ಊರಿನಲ್ಲಿ ಒಬ್ಬ ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಪ್ರಾಣಾಪಾಯಕ್ಕೆ 112, ರಾತ್ರಿ ಜ್ವರ ನೋವಿಗೆ 116117. ನಮ್ಮ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಓಡಿಸಿದರೆ ಲೈಸೆನ್ಸಿಲ್ಲದೆ ಓಡಿಸಿದ ಅಪರಾಧ. ಲಿಖಿತ ಪರೀಕ್ಷೆ, ಓಡಿಸುವ ಪರೀಕ್ಷೆ, ಒಂದು ದಿನದ ಪ್ರಥಮ ಚಿಕಿತ್ಸೆ ತರಗತಿ, ಕಣ್ಣಿನ ಪರೀಕ್ಷೆ ಎಲ್ಲ ಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲೂ ಇದೆ. ದಿನಾಂಕ ಸಿಗಲು ತಿಂಗಳುಗಳು ಬೇಕು, ಆದ್ದರಿಂದ ಮೊದಲ ತಿಂಗಳೇ ಅರ್ಜಿ ಹಾಕಿ. ನಮ್ಮವರು ಫೇಲಾಗುವುದು ಒಂದೇ ಕಡೆ: ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಿಮ್ಮದು ಎಷ್ಟೇ ಅಗಲದ ರಸ್ತೆಯಾಗಿರಲಿ.

ಹಣ. ನಿಮ್ಮ ಕೈ ಹಿಡಿದು "ನಿಮ್ಮ ಊರಿನ ಶಾಲೆಗೆ" ಅಂತ ಲಕೋಟೆ ಕೊಡುವವರು ಖಂಡಿತ ಇರುತ್ತಾರೆ, ಒಳ್ಳೇ ಮನಸ್ಸಿನವರು. ಅದನ್ನು ಜೇಬಿಗೆ ಹಾಕಬೇಡಿ, ನಿಮ್ಮ ಖಾತೆಗೂ ಹಾಕಬೇಡಿ. ಧರ್ಮಕೇಂದ್ರದ ಖಾತೆಗೆ ಹಾಕಿಸಿ, ರಸೀದಿ ಅಲ್ಲಿಂದಲೇ ಹೋಗಲಿ. ಭಾರತದಲ್ಲಿ ತೆಗೆದುಕೊಳ್ಳುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಈ ದಾರಿ ತಪ್ಪಿದರೆ ತೊಂದರೆ ನಿಮಗಷ್ಟೇ ಅಲ್ಲ, ಊರಿನ ಶಾಲೆಗೂ. ಮೊದಲ ವರ್ಷ ನೀವಾಗಿ ಏನನ್ನೂ ಕೇಳಬೇಡಿ.

ಒಂಟಿತನದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಗುರುಗಳ ಮನೆಯಲ್ಲಿ ಎಂಟು ಕೋಣೆ, ಇರುವವರು ನೀವೊಬ್ಬರೇ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬೆಳಕು, ಸಂಜೆ ನಾಲ್ಕೂಕಾಲು ಕಳೆಯುತ್ತಲೇ ಕತ್ತಲು. ಕೆಟ್ಟ ಹೊತ್ತು ಅಂದರೆ ಭಾನುವಾರ ಮಧ್ಯಾಹ್ನ. ಎರಡು ಪೂಜೆ ಮುಗಿದಿರುತ್ತದೆ, ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಊರಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಆ ಹೊತ್ತಿಗೆ ಮೊದಲೇ ಏನಾದರೂ ಗೊತ್ತುಮಾಡಿಡಿ: ಬೆಳಕಿರುವಾಗಲೇ ಒಂದು ಗಂಟೆ ನಡಿಗೆ, ಪಕ್ಕದ ಊರಿನ ಇನ್ನೊಬ್ಬ ಭಾರತೀಯ ಗುರುಗಳ ಜೊತೆ ಅಡುಗೆ. ಚಳಿಗಾಲದಲ್ಲಿ ನಮ್ಮೂರಿನ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ನೀವು ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಅಮ್ಮ ಮಲಗಿರುತ್ತಾರೆ, ಮಧ್ಯಾಹ್ನವೇ ಮಾಡಿ. ಮೂರು ವಾರ ನಿದ್ದೆ ಬರದಿದ್ದರೆ, ಪ್ರಾರ್ಥನೆಯೂ ಬೇಡವೆನಿಸಿದರೆ ವೈದ್ಯರಿಗೆ ಹೇಳಿ. ಅದು ವಿಶ್ವಾಸ ಕಡಿಮೆಯಾದದ್ದಲ್ಲ. ರಕ್ತದಲ್ಲಿ ವಿಟಮಿನ್ ಡಿ ನೋಡಿಸಿಕೊಳ್ಳಿ.

ಅಡುಗೆ. ತೊಗರಿಬೇಳೆ, ಸೋನಾ ಮಸೂರಿ, ರಾಗಿಹಿಟ್ಟು ಔಗ್ಸ್‌ಬರ್ಗ್, ಮ್ಯೂನಿಕ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಸೂಪರ್ ಮಾರ್ಕೆಟಿನಲ್ಲಿ "ಹಿರ್ಸೆ" ಅಂತ ಇರುವುದು ಬರಗು, ಅದರಲ್ಲಿ ಮುದ್ದೆ ಕಟ್ಟಲು ಹೋಗಬೇಡಿ. ಅಲ್ಲಿ ಸಿಗುವ ಗುಂಡು ಅಕ್ಕಿ ಮೊಸರನ್ನಕ್ಕೆ ಚೆನ್ನಾಗಿರುತ್ತದೆ. ಒಗ್ಗರಣೆ ಹಾಕುವಾಗ ಕಿಟಕಿ ಪೂರ್ತಿ ತೆರೆದು, ಬಾಗಿಲು ಮುಚ್ಚಿ. ಹಜಾರದ ಚಾವಣಿಯಲ್ಲಿ ಹೊಗೆಯ ಅಲಾರಂ ಇರುತ್ತದೆ. ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ಹೀಗೆ ಕಿಟಕಿ ತೆರೆಯದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಜಾಕೆಟ್ಟು, ಶೂ ಬೆಂಗಳೂರಲ್ಲಿ ಕೊಳ್ಳಬೇಡಿ, ಇಲ್ಲಿಯೇ ಕೊಳ್ಳಿ. ಶೂ ಅಡಿ ದಪ್ಪ ರಬ್ಬರಿನದಾಗಿರಲಿ, ಉಣ್ಣೆಯ ಕಾಲುಚೀಲ ಹಾಕಿದ ಮೇಲೂ ಬೆರಳು ಆಡುವಷ್ಟು ಸಡಿಲವಿರಲಿ. ನವೆಂಬರ್ 1ರ ಮಧ್ಯಾಹ್ನ ಒಂದಾದ ಮೇಲೊಂದು ಊರಿನ ಸ್ಮಶಾನದಲ್ಲಿ ಗೋರಿಗಳ ಆಶೀರ್ವಾದ, ಒದ್ದೆ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲಬೇಕು. ಅದಕ್ಕೂ ಮುಂಚೆ, ಅಕ್ಟೋಬರಿನ ಕೊನೆಯ ಭಾನುವಾರ, ನಸುಕಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಾರ್ಚಿನ ಕೊನೆಯ ಭಾನುವಾರ ಮುಂದಕ್ಕೆ. ಮೊಬೈಲು ತಾನಾಗಿ ಬದಲಾಗುತ್ತದೆ, ಮಲಗುವ ಕೋಣೆಯ ಅಲಾರಂ ಗಡಿಯಾರ ಬದಲಾಗುವುದಿಲ್ಲ. ಮಾರ್ಚಿನದನ್ನು ಮರೆತರೆ ಎಂಟೂವರೆಯ ಪೂಜೆಗೆ ನೀವು ಎದ್ದಿರುವುದಿಲ್ಲ. ಎರಡೂ ದಿನಗಳನ್ನು ಈಗಲೇ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ.

ಕನ್ನಡ ಬೈಬಲ್, ಅಮ್ಮ ಮಾಡಿದ ಸಾರಿನಪುಡಿ, ಒಳ್ಳೆಯ ಎರಡು ಟಿಪ್ಪಣಿ ಪುಸ್ತಕ ತನ್ನಿ. ಉಳಿದದ್ದು ಬಂದ ಮೇಲೆ ಕೇಳಿ.