ಶಾಲೆಯ ನೆನಪು ಬರೆಯುವವರ ಪ್ರಶ್ನೆಗಳು

ಮಕ್ಕಳಿಗಾಗಿ ಬರೆಯುವ ಹಲವರು ತಮ್ಮದೇ ಬಾಲ್ಯ, ಶಾಲೆಯ ದಿನಗಳನ್ನು ಪುಸ್ತಕ ಮಾಡಲು ಹೊರಟಿದ್ದಾರೆ. ದಾವಣಗೆರೆ, ಚಿತ್ರದುರ್ಗ ಸೀಮೆಯಿಂದ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡು ಶಿಶುಗೀತೆ ಸಂಕಲನ ತಂದಿದ್ದೇನೆ. ಈಗ ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗಿನ ನೆನಪುಗಳನ್ನು ಮಕ್ಕಳು ಓದುವಂತೆ ಬರೆಯಬೇಕೆಂದಿದ್ದೇನೆ. ಮನೆತನದ ಹಿನ್ನೆಲೆ, ಹುಟ್ಟಿದ ಊರು ಎಂದು ಮೂರು ಅಧ್ಯಾಯ ಆಗಿವೆ. ಮುಂದೆ ಸಾಗುತ್ತಿಲ್ಲ. (ನಿವೃತ್ತ ಶಿಕ್ಷಕರು, ದಾವಣಗೆರೆ)

ಆ ಮೂರೂ ಅಧ್ಯಾಯಗಳನ್ನು ಎತ್ತಿಡಿ. ಅವು ಆತ್ಮಕಥೆಯ ಸಾಮಾನು. ಹತ್ತು ವರ್ಷದ ಓದುಗನಿಗೆ ನಿಮ್ಮ ಮುತ್ತಜ್ಜನ ಜಮೀನು ಎಷ್ಟಿತ್ತು ಎಂಬುದು ಬೇಕಿಲ್ಲ. ಇಂಗ್ಲಿಷಿನ ಮಕ್ಕಳ ಲೇಖಕ ರೋಲ್ಡ್ ಡಾಲ್ 1984ರಲ್ಲಿ ತನ್ನ ಶಾಲಾದಿನಗಳ ಪುಸ್ತಕ ತಂದಾಗ, ಇದು ಆತ್ಮಕಥೆಯಲ್ಲ ಎಂದು ಮೊದಲ ಪುಟದಲ್ಲೇ ಹೇಳಿಬಿಟ್ಟ. ಮರೆಯಲಾಗದ ಪ್ರಸಂಗಗಳನ್ನು ಮಾತ್ರ ಹಿಡಿದ. ಮಿಠಾಯಿ ಅಂಗಡಿಯ ಜಾಡಿಯೊಳಗೆ ಸತ್ತ ಇಲಿ ಹಾಕಿದ್ದಕ್ಕೇ ಅಲ್ಲಿ ಪುಟಗಟ್ಟಲೆ ಜಾಗ ಇದೆ.

ಕೆಲಸ ಹೀಗೆ ಮಾಡಿ. ನೆನಪಿಗೆ ಬಂದದ್ದನ್ನೆಲ್ಲ ಚೀಟಿಗೊಂದು ಸಾಲಿನಂತೆ ಬರೆದುಹಾಕಿ. ಐವತ್ತು ಅರವತ್ತು ಚೀಟಿ ಆಗಲಿ. ಪ್ರತಿ ಚೀಟಿಗೂ ಮೂರು ಪ್ರಶ್ನೆ ಕೇಳಿ: ಆ ಹುಡುಗನಿಗೆ ಆಗ ಏನು ಬೇಕಿತ್ತು? ಯಾವುದು ಅಡ್ಡ ಬಂತು? ಅವನು ಏನು ಮಾಡಿದ? ಮೂರಕ್ಕೂ ಉತ್ತರ ಸಿಕ್ಕ ಚೀಟಿ ಒಂದು ಅಧ್ಯಾಯ. ‘ನಮ್ಮ ಶಾಲೆಯ ಗಂಟೆ ರೈಲು ಕಂಬಿಯ ತುಂಡು’ ಎಂಬಂಥ ಚೀಟಿಗೆ ಉತ್ತರ ಸಿಗುವುದಿಲ್ಲ. ಅದು ಇನ್ನೊಂದು ಅಧ್ಯಾಯದೊಳಗೆ ಒಂದು ಸಾಲಾಗಿ ಸೇರುತ್ತದೆ. ಅರವತ್ತರಲ್ಲಿ ಹದಿನೈದೋ ಹದಿನಾರೋ ಉಳಿದರೆ ಪುಸ್ತಕಕ್ಕೆ ಸಾಕು. ಎಂಟರಿಂದ ಹನ್ನೆರಡು ವರ್ಷದವರು ಒಂದೇ ಸಲಕ್ಕೆ ಕೂತು ಓದಲು ಅಧ್ಯಾಯಕ್ಕೆ ಸಾವಿರ ಪದದ ಆಸುಪಾಸು ಇರಲಿ. ವರ್ಷದ ಕ್ರಮದಲ್ಲೇ ಜೋಡಿಸಬೇಕೆಂದೇನೂ ಇಲ್ಲ, ಆದರೆ ಪ್ರತಿ ಅಧ್ಯಾಯದ ಮೊದಲ ನಾಲ್ಕೈದು ಸಾಲಿನೊಳಗೆ ಹುಡುಗ ಎಷ್ಟನೇ ತರಗತಿ ಎಂದು ಗೊತ್ತಾಗಲಿ.

ಪ್ರಶ್ನೆ: ಐದನೇ ತರಗತಿಯಲ್ಲಿದ್ದಾಗ, 1966ರ ಸುಮಾರಿಗೆ, ಅಪ್ಪ ಮಾರಿಕಣಿವೆ ಕೋಡಿ ಬಿದ್ದದ್ದನ್ನು ತೋರಿಸಲು ಸೈಕಲ್ಲಿನಲ್ಲಿ ಕರೆದೊಯ್ದಿದ್ದರು. ಕಣ್ಣಿಗೆ ಕಟ್ಟಿದಂತಿದೆ. ಕರಡು ಓದಿದ ಗೆಳೆಯರು ‘ಇದು ಸಾಧ್ಯವೇ ಇಲ್ಲ’ ಎನ್ನುತ್ತಾರೆ. ನೆನಪನ್ನೇ ನಂಬಬಾರದೆ? (ಹಿರಿಯೂರು)

ನಿಮ್ಮ ಗೆಳೆಯರ ಮಾತು ಸರಿ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ, ಅಂದರೆ ನಿಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ನಡುವೆ ಹುಟ್ಟಿ ಬೆಳೆದವರು ಬಾಲ್ಯದಲ್ಲಿ ಆ ಕೋಡಿ ಕಂಡಿರಲಾರರು. ಹಿರಿಯೂರಿನ ಯಾವ ಓದುಗರೂ ಇದನ್ನು ಹಿಡಿದುಬಿಡುತ್ತಾರೆ. ಹಿಡಿದ ಮೇಲೆ ನಿಮ್ಮ ಉಳಿದ ಪುಟಗಳ ಮೇಲೂ ಅನುಮಾನ ಶುರು.

ಹಾಗಂತ ಪ್ರಸಂಗವನ್ನು ಬಿಡಬೇಡಿ. ಅಪ್ಪ, ಸೈಕಲ್ಲು, ನೀರಿನ ಸದ್ದು ಸುಳ್ಳಾಗಿರಲಿಕ್ಕಿಲ್ಲ. ಬಹುಶಃ ನೀವು ಕಂಡದ್ದು ತೂಬಿನಿಂದ ನಾಲೆಗೆ ಬಿಟ್ಟ ನೀರು. 1933ರ ಕೋಡಿಯ ಕಥೆಯನ್ನು ಮನೆಯ ಹಿರಿಯರು ಹೇಳಿ ಹೇಳಿ, ಎರಡೂ ಬೆರೆತಿರಬಹುದು. ‘ಅಪ್ಪ ತೂಬಿನ ನೀರು ತೋರಿಸುತ್ತಾ, ಅಜ್ಜಿ ಹೇಳುತ್ತಿದ್ದ ಕೋಡಿಯ ಕಥೆ ಹೇಳಿದರು’ ಎಂದು ಬರೆದರೆ ಪ್ರಸಂಗ ಇನ್ನೂ ಚೆನ್ನಾಗುತ್ತದೆ. ಆದರೆ ಬರೆಯುವ ಮುನ್ನ ಅಣ್ಣ, ಅಕ್ಕ ಯಾರಾದರೂ ಇದ್ದರೆ ಕೇಳಿ. ಕೇಳುವಾಗ ‘ಕೋಡಿ ನೋಡಲು ಹೋಗಿದ್ವಲ್ಲ?’ ಎಂದು ಬಾಯಿಗೆ ಉತ್ತರ ಇಡಬೇಡಿ. ‘ಅಪ್ಪ ಡ್ಯಾಮಿಗೆ ಕರ್ಕೊಂಡು ಹೋಗಿದ್ದು ನೆನಪೈತಾ, ಅಲ್ಲಿ ಏನು ನೋಡಿದ್ವಿ?’ ಎಂದಷ್ಟೇ ಕೇಳಿ.

ರುಚಿ, ವಾಸನೆ, ಹೆದರಿಕೆ, ಯಾರ ಪಕ್ಕ ಯಾರು ಕೂತಿದ್ದರು ಎಂಬುದರಲ್ಲಿ ನೆನಪು ಗಟ್ಟಿ. ವರ್ಷ, ಹೆಸರು, ಯಾವುದು ಮೊದಲು ಯಾವುದು ನಂತರ ಎಂಬುದರಲ್ಲಿ ಅದು ಬಲು ಸಡಿಲ. ಮೇಲೆ ಹೇಳಿದ ಡಾಲ್‌ಗೆ ಆಧಾರದ ಕೊರತೆ ಇರಲಿಲ್ಲ. ಒಂಬತ್ತನೇ ವಯಸ್ಸಿನಿಂದ ಬೋರ್ಡಿಂಗ್ ಶಾಲೆಯಿಂದ ಬರೆದದ್ದೂ ಸೇರಿ ಅವನ 600ಕ್ಕೂ ಹೆಚ್ಚು ಕಾಗದಗಳನ್ನು ತಾಯಿ ಜೋಪಾನ ಮಾಡಿದ್ದರು. ಆದರೂ ಗೆಳೆಯನೊಬ್ಬನಿಗೆ ಬಿದ್ದ ಕ್ರೂರ ಛಡಿಯೇಟನ್ನು ಅವನು ತಪ್ಪು ಹೆಡ್‌ಮಾಸ್ಟರರ ತಲೆಗೆ ಕಟ್ಟಿದ. ಆ ಘಟನೆ 1933ರ ಮೇ ತಿಂಗಳದು, ಆ ಹೆಡ್‌ಮಾಸ್ಟರರು ಅದಕ್ಕೂ ಒಂದು ವರ್ಷ ಮೊದಲೇ ಶಾಲೆ ಬಿಟ್ಟಿದ್ದರು ಎಂದು ಜೀವನಚರಿತ್ರೆಕಾರ ಜೆರೆಮಿ ಟ್ರೆಗ್ಲೋನ್ ಆಮೇಲೆ ತೋರಿಸಿಕೊಟ್ಟರು. ಏಟು ನಿಜ, ಹೊಡೆದ ಕೈ ಬೇರೆ.

ನಿಮ್ಮ ಕರಡನ್ನು ಹೀಗೆ ಜಾಲಿಸಿ. ಮೊದಲು ಶಾಲೆಯ ದಾಖಲಾತಿ ರಿಜಿಸ್ಟರ್. ಹಾಜರಿ ಪುಸ್ತಕಗಳು ಉಳಿದಿರುವುದು ಅಪರೂಪ. ದಾಖಲಾತಿ ರಿಜಿಸ್ಟರ್ ಕಾಯಂ ದಾಖಲೆ. ಯಾವ ವರ್ಷ ಸೇರಿದಿರಿ, ಯಾವ ತರಗತಿಯಿಂದ ಬಿಟ್ಟಿರಿ ಎಂದು ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು ತಿಳಿಯಬಹುದು. ಶಾಲೆ ಮುಚ್ಚಿದ್ದರೆ ಅಥವಾ ವಿಲೀನವಾಗಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಮಾಹಿತಿ ಹಕ್ಕಿನಡಿ ಕೇಳುವುದಾದರೆ ಶುಲ್ಕ 10 ರೂಪಾಯಿ, ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಸಹಪಾಠಿಗಳ ವಿವರ ಕೇಳಿದರೆ ತಿರಸ್ಕರಿಸುವ ಸಾಧ್ಯತೆ ಹೆಚ್ಚು. ರಿಜಿಸ್ಟರಿನಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದರ ಮೇಲೆ ವಯಸ್ಸಿನ ಲೆಕ್ಕ ಕಟ್ಟಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ದಿನಾಂಕಗಳು ಹಾಗೇ ಇರುತ್ತವೆ.

ಆಮೇಲೆ ಎಲ್ಲರಿಗೂ ಗೊತ್ತಿರುವ ದಿನಗಳಿಗೆ ಗಂಟು ಹಾಕಿ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದೆಂದು ಊರೆಲ್ಲ ಹೆದರಿದ್ದು 1979ರ ಜುಲೈ. ಹಗಲು ಹೊತ್ತಿನ ದೊಡ್ಡ ಸೂರ್ಯಗ್ರಹಣ 1980ರ ಫೆಬ್ರವರಿ 16. ಕೋಟೆಯಲ್ಲಿ ‘ನಾಗರಹಾವು’ ಚಿತ್ರೀಕರಣ ನೋಡಿದ ದುರ್ಗದವರಿಗೆ ಅದು ತೆರೆಕಂಡ ವರ್ಷ 1972 ಎಂಬುದೇ ಒಂದು ಗೂಟ. ಪ್ರತಿ ಪ್ರಸಂಗವೂ ಇಂಥ ಯಾವುದಾದರೂ ದಿನಕ್ಕೆ ಮೊದಲೋ ನಂತರವೋ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಕೊನೆಗೆ, ಕಾಲಕ್ಕೆ ಒಗ್ಗದ ವಸ್ತುಗಳನ್ನು ಹೆಕ್ಕಿ. 1970ರ ದಶಕದ ಶಾಲೆಯಲ್ಲಿ ‘ಬಿಸಿಯೂಟ’ ಬಂದರೆ ತಪ್ಪು. ಅಕ್ಷರ ದಾಸೋಹ 2002ರಿಂದ ಈಚಿನದು. ಆಗ ಇದ್ದದ್ದು ಕೇರ್ ಎಂಬ ವಿದೇಶಿ ನೆರವು ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟಿನಲ್ಲಿ. ಅದಕ್ಕೆ ಮುಂಚಿನ ಕಥೆಯಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿರಬೇಕು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ದುಡ್ಡಿನ ವಿಷಯದಲ್ಲಿ ತುಸು ಹುಷಾರು. ನಯಾಪೈಸೆ 1957ರ ಏಪ್ರಿಲ್‌ನಲ್ಲಿ ಬಂತು. ಆದರೂ 25 ಪೈಸೆಗೆ ‘ನಾಲ್ಕಾಣೆ’ ಎನ್ನುವುದು 2011ರಲ್ಲಿ ಆ ನಾಣ್ಯ ರದ್ದಾಗುವವರೆಗೂ ನಡೆದೇ ಇತ್ತು. ಆದ್ದರಿಂದ 1975ರ ಹುಡುಗ ‘ನಾಲ್ಕಾಣೆ ಕೊಡು’ ಅನ್ನಬಹುದು, ಅವನ ಅಂಗೈಯಲ್ಲಿ ಒಂದಾಣೆ ನಾಣ್ಯ ಇಟ್ಟು ಮಂಡಕ್ಕಿ ಕೊಡಿಸಬೇಡಿ.

ಪ್ರಶ್ನೆ: ಒಬ್ಬ ಮೇಷ್ಟ್ರು ವಿಪರೀತ ಹೊಡೆಯುತ್ತಿದ್ದರು. ಈಗ ಅವರಿಲ್ಲ. ಹೆಸರು ಹಾಕಿ ಬರೆಯಬಹುದೆ? ಹುಡುಗರು ನಗಲಿ ಎಂದು ತಮಾಷೆಯಾಗಿ ಬರೆದಿದ್ದೇನೆ. (ಚಳ್ಳಕೆರೆ)

ಹೆಸರು ಬೇಡ. ತೀರಿಕೊಂಡವರ ಬಗ್ಗೆ ಏನು ಬರೆದರೂ ನಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ, ಸತ್ತವರ ಮೇಲಿನ ಆರೋಪವೂ ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾಗಿದ್ದರೆ ಮಾನಹಾನಿ ಆಗಬಹುದು. ‘ನಿಜವನ್ನೇ ಬರೆದೆ’ ಎಂದಷ್ಟೇ ಹೇಳಿದರೆ ಸಾಲದು, ಸಾರ್ವಜನಿಕ ಹಿತವನ್ನೂ ತೋರಿಸಬೇಕು. ಇನ್ಷಿಯಲ್ ಬದಲಿಸುವುದು ಮುಸುಕಲ್ಲ. ಸಣ್ಣ ಊರಿನಲ್ಲಿ ‘1974ರ ಲೆಕ್ಕದ ಮೇಷ್ಟ್ರು, ಕುಂಟುತ್ತಿದ್ದರು’ ಎಂದರೆ ಹೆಸರು ಹೇಳಿದಂತೆಯೇ. ಹೆಸರು, ಪಾಠದ ವಿಷಯ, ಚಹರೆ ಮೂರನ್ನೂ ಬದಲಿಸಿ, ಕೆಲವು ಹೆಸರು ವಿವರ ಬದಲಿಸಿದ್ದೇವೆ ಎಂದು ಪುಸ್ತಕದ ಆರಂಭದಲ್ಲಿ ಒಂದು ಸಾಲು ಹಾಕಿ. ಒಳ್ಳೆಯ ಮೇಷ್ಟ್ರುಗಳಿಗೆ ನಿಜ ಹೆಸರು ಇಡಬಹುದು. ಆದರೂ ಮನೆಯವರಿಗೆ ಆ ಪುಟ ಓದಿಸಿ.

ತಮಾಷೆಯ ಬಗ್ಗೆ ನಮ್ಮ ತಕರಾರು ಇದೆ. ಕೋದಂಡ ಏರಿಸುವುದು, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದನ್ನು ‘ಅದರಿಂದಲೇ ನಾವು ಉದ್ಧಾರವಾದೆವು’ ಎಂಬ ಧಾಟಿಯಲ್ಲಿ ಬರೆಯುವ ಚಾಳಿ ನಮ್ಮಲ್ಲಿ ಬಹಳ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಇಂದಿನ ಓದುಗ ಆ ಕಾಯ್ದೆಯೊಳಗೆ ಬೆಳೆಯುತ್ತಿರುವವನು. ಹಾಗೆಂದು ಅಧ್ಯಾಯದ ತುದಿಗೆ ಕಾಯ್ದೆ ಅಂಟಿಸಿ ಭಾಷಣ ಮಾಡಬೇಡಿ. ಏಟು ಬಿದ್ದ ಮೇಲೆ ಬಳಪ ಹಿಡಿಯಲು ಆಯಿತೆ, ಮನೆಯಲ್ಲಿ ಊಟ ಮಾಡುವಾಗ ಕೈ ಹೇಗೆ ಮುಚ್ಚಿಟ್ಟಿರಿ ಎಂದು ಬರೆಯಿರಿ. ಕೋದಂಡ ಎಂದರೇನು ಎಂಬುದೂ ಅಲ್ಲೇ ಗೊತ್ತಾಗಬೇಕು: ತೊಲೆಯ ಹಗ್ಗ, ನೆಲ ಬಿಟ್ಟ ಕಾಲು, ಸೋಲುವ ತೋಳು. ಅಡಿಟಿಪ್ಪಣಿ ಹಾಕಿದರೆ ಮಕ್ಕಳು ಓದುವುದಿಲ್ಲ. ನಗೆ ಬರುವುದಿದ್ದರೆ ಮಕ್ಕಳ ಉಪಾಯಗಳಿಂದ ಬರಲಿ.

ಪ್ರಶ್ನೆ: ಸಂಭಾಷಣೆಯಲ್ಲಿ ನಮ್ಮ ಕಡೆ ಮಾತು ಇಡಬೇಕೋ, ಪುಸ್ತಕದ ಭಾಷೆಯೋ? (ಹರಿಹರ)

ಮಾತಿಗೆ ನಿಮ್ಮ ಕಡೆಯದು, ನಿರೂಪಣೆಗೆ ಸರಳ ಬರಹದ ಕನ್ನಡ. ಹರಿಹರದ ಹುಡುಗ ‘ಐತಿ’ ಅಂದರೆ ಚಳ್ಳಕೆರೆಯವನು ‘ಐತೆ’ ಅನ್ನುತ್ತಾನೆ. ಯಾವುದು ನಿಮ್ಮ ಕೇರಿಯದೋ ಅದನ್ನು ಕೊನೆಯವರೆಗೂ ಒಂದೇ ಕಾಗುಣಿತದಲ್ಲಿ ಇಡಿ. ‘ಬಾರಲೇ’, ‘ಏನಲೇ’ ಗೆಳೆಯರ ನಡುವೆ ಸರಿ, ಮೇಷ್ಟ್ರ ಮುಂದೆ ‘ಇಲ್ಲ ಸಾ’ ಆಗುತ್ತದೆ.

ಪ್ರಶ್ನೆ: ಏಳನೇ ತರಗತಿಯ ಗ್ರೂಪ್ ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಬಿಡಿಸುವುದು ಹೇಗೆ? (ಹೊಳಲ್ಕೆರೆ)

ಬಿಡಿಸಬೇಡಿ. ಎಳೆದರೆ ಚಿತ್ರದ ಪದರವೇ ಗಾಜಿನ ಮೇಲೆ ಉಳಿಯುತ್ತದೆ, ಮೊದಲು ಹೋಗುವುದು ಮುಖಗಳು. ನೀರು ಹಾಕಿ ನೆನೆಸುವ ಪ್ರಯೋಗವೂ ಬೇಡ. ಗಾಜಿನ ಹೊರಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲು ನೇರ ಬೀಳದ ಕಿಟಕಿಯ ಬಳಿ ಗೋಡೆಗೆ ನೆಟ್ಟಗೆ ನಿಲ್ಲಿಸಿ, ಗಾಜಿನ ಮೇಲಿಂದಲೇ ಫೋಟೋ ತೆಗೆಯಿರಿ. ಎದುರಿಗೆ, ಕ್ಯಾಮೆರಾ ಹಿಂದೆ, ಕಪ್ಪು ಬಟ್ಟೆ ಹಿಡಿದರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಮೂಡುವುದಿಲ್ಲ. ಫ್ಲ್ಯಾಶ್ ಆರಿಸಿ, ಕ್ಯಾಮೆರಾ ಫೋಟೋದ ನಡುಮಧ್ಯದ ಎತ್ತರಕ್ಕೆ, ಸಮಾನಾಂತರವಾಗಿರಲಿ.

ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ನಾಲ್ಕೂವರೆ ಇಂಚು ಅಗಲ ಅಚ್ಚಾಗಬೇಕಾದರೆ ಕಡತ 1,350 ಪಿಕ್ಸೆಲ್ ಅಗಲವಾದರೂ ಇರಲಿ. ಬಿಡಿ ಫೋಟೋ ಸ್ಕ್ಯಾನ್ ಮಾಡಿಸಿ ಎರಡು ಪಟ್ಟು ಹಿಗ್ಗಿಸುವುದಾದರೆ 600ರಲ್ಲಿ ಮಾಡಿಸಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಬಿಡಿ ಫೋಟೋದ ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು. ಬಾಲ್‌ಪೆನ್ನಿನ ಒತ್ತು ಮುಂದೆ ಕಾಣುತ್ತದೆ.

ಪ್ರಶ್ನೆ: ಆಗಿನ ಪಾಠಪುಸ್ತಕದ ಪದ್ಯಗಳನ್ನು ಪೂರ್ತಿ ಅಚ್ಚು ಹಾಕಬಹುದೆ? (ಚಿತ್ರದುರ್ಗ)

ಕವಿ ತೀರಿಕೊಂಡ ವರ್ಷ ನೋಡಿ, ಅದರ ಮುಂದಿನ ಜನವರಿಯಿಂದ 60 ವರ್ಷ ಎಣಿಸಿ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937, ಹಾಗಾಗಿ ಅವರ ನಾಗರಹಾವಿನ ಪದ್ಯವನ್ನು ಧಾರಾಳವಾಗಿ ಹಾಕಬಹುದು. ಜಿ.ಪಿ. ರಾಜರತ್ನಂ 1979, ಅವರ ತುತ್ತೂರಿ ಪದ್ಯ ಪೂರ್ತಿ ಬೇಕಾದರೆ 2039ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ಕುವೆಂಪು 1994, ಅಂದರೆ 2054ರ ಕೊನೆವರೆಗೆ. ಪ್ರಸಂಗಕ್ಕೆ ಒಂದೆರಡು ಸಾಲು ಸಾಕಾದರೆ ಅಷ್ಟೇ ಬಳಸಿ, ಕವಿಯ ಹೆಸರು ಹೇಳಿ. ನಿಮಗೆ ಬಂದ ಹಳೆಯ ಕಾಗದಗಳ ವಿಷಯದಲ್ಲೂ ಹುಷಾರು: ಕಾಗದ ನಿಮ್ಮದು, ಅದರೊಳಗಿನ ಬರಹದ ಹಕ್ಕು ಬರೆದವರದು.

ಪ್ರಶ್ನೆ: ಹದಿನಾರು ಅಧ್ಯಾಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಆಗಿದೆ. ಎಷ್ಟು ಪುಟ ಆದೀತು? ನಾನೇ ಪ್ರಕಟಿಸುವುದಾದರೆ ಏನೇನು ಮಾಡಬೇಕು? (ಜಗಳೂರು)

ಡೆಮಿ ಅಷ್ಟದಳ, ಅಂದರೆ ಐದೂವರೆಗೆ ಎಂಟೂವರೆ ಇಂಚು, ಅಕ್ಷರ 14 ಪಾಯಿಂಟ್ ಎಂದಿಟ್ಟುಕೊಳ್ಳಿ. ಪುಟಕ್ಕೆ ಸುಮಾರು 160 ಪದ. ಹದಿನಾರು ಸಾವಿರ ಪದಕ್ಕೆ 100 ಪುಟ, ಚಿತ್ರಗಳಿಗೆ 12, ಮುನ್ನುಡಿ ಇತ್ಯಾದಿಗೆ 8. ಅಚ್ಚಿನ ಫಾರಂ 16 ಪುಟದ್ದು, ಹಾಗಾಗಿ 128 ಪುಟದ ಪುಸ್ತಕ. ಉಳಿದ ಎಂಟಕ್ಕೆ ಇನ್ನಷ್ಟು ಚಿತ್ರ ಬರೆಸಿ. 130 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಬೇಕಾಗುತ್ತದೆ, ಆಗ ಮುನ್ನುಡಿ ಕತ್ತರಿಸಿ. ಮುನ್ನುಡಿ ಕತ್ತರಿಸಿದ್ದಕ್ಕೆ ಯಾವ ಮಗುವೂ ದೂರುವುದಿಲ್ಲ.

ಹಳೆಯ ನುಡಿ ಅಕ್ಷರವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ, ದೀರ್ಘ ಅಲ್ಲಲ್ಲಿ ಕೆಡುತ್ತವೆ. ಪುಟ ಕಟ್ಟುವವರು ಇನ್‌ಡಿಸೈನ್ ತಂತ್ರಾಂಶ ಬಳಸಿದರೆ ವರ್ಲ್ಡ್‌ರೆಡಿ ಕಂಪೋಸರ್ ಆಯ್ಕೆ ಮಾಡಿರಬೇಕು, ಇಲ್ಲವಾದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕೊನೆಯ ಪಿಡಿಎಫ್ ಬಂದಾಗ ‘ಮೇಷ್ಟ್ರು’ ಪದ ಹುಡುಕಿ ನೋಡಿ. ಎರಡು ಒತ್ತು, ಒಂದು ದೀರ್ಘ, ಎಲ್ಲ ಸರಿಯಾಗಿ ಕೂತಿದ್ದರೆ ಬಹುಪಾಲು ಸರಿ ಎಂದರ್ಥ. ಆದರೂ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ನಿಮ್ಮ ಪುಸ್ತಕವನ್ನು ಇನ್ನೂ ಓದಿರದ ಯಾರಿಂದಲಾದರೂ ಗಟ್ಟಿಯಾಗಿ ಓದಿಸಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ನೇರ ಅರ್ಜಿ ಹಾಕಬಹುದು. ದುಡ್ಡು ಕೇಳುವ ಮಧ್ಯವರ್ತಿಗಳ ಸಹವಾಸ ಬೇಡ. ರಕ್ಷಾಪುಟ ಅಂತಿಮವಾಗುವ ಮೊದಲೇ ಹಾಕಿ, ಸಂಖ್ಯೆ ಬರಲು ದಿನ ಹಿಡಿಯುತ್ತದೆ. ಮುನ್ನೂರರೊಳಗಿನ ಪ್ರತಿಗೆ ಡಿಜಿಟಲ್ ಮುದ್ರಣ, ಐನೂರು ದಾಟಿದರೆ ಆಫ್‌ಸೆಟ್ ಸಾಮಾನ್ಯವಾಗಿ ಗಿಟ್ಟುತ್ತದೆ. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ನಿಮ್ಮ ಖರ್ಚಿನಲ್ಲೇ ಕಳಿಸಬೇಕು. ಅಚ್ಚಿಗೆ ಹೇಳುವಾಗ ಈ ನಾಲ್ಕು ಪ್ರತಿಗಳನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.