ಐವತ್ತರ ನಂತರ ಉಡುಗೆ, ಕೇಶಾಲಂಕಾರ

ಪ್ರಶ್ನೆ: ನನಗೆ 56 ವರ್ಷ. ಹಳೆಯ ಉಡುಪುಗಳು ಒಪ್ಪುತ್ತಿಲ್ಲ. ಕೂದಲಿಗೆ ಬಣ್ಣ ಹಚ್ಚಿದರೆ ನೆತ್ತಿ ತುರಿಸುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಬಣ್ಣ ನಿಲ್ಲಿಸಿ, ಚರ್ಮರೋಗ ತಜ್ಞರನ್ನು ಕಾಣಿರಿ. ಗಾಢ ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕಕ್ಕೆ ವರ್ಷಗಟ್ಟಲೆ ಬಳಸಿದ ಮೇಲೂ ಅಲರ್ಜಿ ಉಂಟಾಗಬಹುದು, ಮತ್ತು ಒಮ್ಮೆ ಉಂಟಾದರೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ನರೆಯನ್ನು ಹಾಗೆಯೇ ಬಿಡುವುದಾದರೆ, ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಮಾತ್ರ ಬೆಳೆಯುವುದರಿಂದ, ತುಸು ಗಿಡ್ಡವಾಗಿ ಕತ್ತರಿಸಿಕೊಂಡರೆ ಹಳೆಯ ಬಣ್ಣ ಬೇಗ ಮರೆಯಾಗುತ್ತದೆ. ನರೆ ನಿಮಗೆ ಖಂಡಿತ ಶೋಭಿಸಬಲ್ಲದು.

ಉಡುಪಿನಲ್ಲಿ ಅಳತೆಯೇ ಮುಖ್ಯ: ಭುಜದ ಹೊಲಿಗೆ ಭುಜದ ಮೂಳೆಯ ಅಂಚಿನಲ್ಲೇ ಕೂರಬೇಕು, ಕೆಳಗೆ ಜಾರಿದರೆ ಎಷ್ಟೇ ಒಳ್ಳೆಯ ಬಟ್ಟೆಯೂ ಎರವಲು ತಂದಂತೆ ಕಾಣುತ್ತದೆ. ಕೂದಲಿನ ಬಣ್ಣ ಬದಲಾದಾಗ ಮುಖಕ್ಕೊಪ್ಪುವ ಬಣ್ಣಗಳೂ ಬದಲಾಗುತ್ತವೆ. ಬಟ್ಟೆಯನ್ನು ಹಗಲಿನ ಬೆಳಕಿನಲ್ಲಿ ಮುಖದ ಬಳಿ ಹಿಡಿದು ನೋಡಿಯೇ ಆರಿಸಿ.