ಗಡಿಯಾರ ಓದಬಲ್ಲವನಿಗೆ ಹೊತ್ತು ತಿಳಿಯುವುದಿಲ್ಲವೇ?

ಕಲಬುರಗಿಯ ಬ್ರಹ್ಮಪುರದಿಂದ ಸಹೋದರಿಯೊಬ್ಬರು ಬರೆದಿದ್ದಾರೆ. ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಅವರ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದಾರೆ, ಮಾತ್ರೆ ನಡೆದಿದೆ. ಸ್ನಾನಕ್ಕೆ ಹೋದರೆ ಒಂದು ತಾಸು ಹೊರಗೆ ಬರುವುದಿಲ್ಲ, ಕೇಳಿದರೆ ‘ಈಗಷ್ಟೇ ಹೋದೆ’ ಎನ್ನುತ್ತಾನೆ. ಚಹಾ ಐದು ನಿಮಿಷ ತಡವಾದರೆ ಮಧ್ಯಾಹ್ನದಿಂದ ಕಾಯಿಸಿದ್ದೀರಿ ಎಂದು ರೇಗುತ್ತಾನೆ. ಆದರೆ ಗೋಡೆಯ ಗಡಿಯಾರ ತೋರಿಸಿದರೆ ನಿಮಿಷ ತಪ್ಪದೆ ಹೇಳುತ್ತಾನೆ. ‘ಗಡಿಯಾರ ಓದುವವನಿಗೆ ಹೊತ್ತು ಹೋದದ್ದು ತಿಳಿಯದೇ? ಎಲ್ಲ ಸೋಗು’ ಎಂಬುದು ತಂದೆಯ ವಾದ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬುದು ಸೋದರಮಾವನ ಸಲಹೆ.

ಸಹೋದರಿ, ತಂದೆಯವರು ಕೇಳಿದ್ದು ಒಳ್ಳೆಯ ಪ್ರಶ್ನೆ. ತೀರ್ಪು ಮಾತ್ರ ಅವಸರದ್ದು. ಗಡಿಯಾರ ಓದುವುದು ಚಿಕ್ಕಂದಿನಲ್ಲಿ ಕಲಿತ ವಿದ್ಯೆ. ಹೊತ್ತು ಸರಿದದ್ದು ಒಳಗೆ ತಿಳಿಯುವುದು ಬೇರೆಯೇ ಕೆಲಸ. ನೋಡಲು ಕಣ್ಣು, ಕೇಳಲು ಕಿವಿ ಇರುವಂತೆ ಕಾಲಕ್ಕೆಂದು ಒಂದು ಅಂಗವಿಲ್ಲ. ಮಿದುಳಿನ ಆಳದ ಸ್ಟ್ರಯಾಟಮ್, ಹಿಂಭಾಗದ ಅನುಮಸ್ತಿಷ್ಕ, ಹಣೆಯ ಹಿಂದಿನ ಭಾಗಗಳು ಕೂಡಿ ಆ ಅಂದಾಜು ಕಟ್ಟುತ್ತವೆ. ಅದರಲ್ಲಿ ಡೋಪಮೈನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾತ್ರವಿದೆ. ಸ್ಕಿಜೋಫ್ರೇನಿಯಾದಲ್ಲಿ ಏರುಪೇರಾಗುವ ಮುಖ್ಯ ವ್ಯವಸ್ಥೆಗಳಲ್ಲಿ ಡೋಪಮೈನ್‌ನದೂ ಒಂದು.

ಹಾಗಾದರೆ ಅವನ ಒಳಗಿನ ಗಡಿಯಾರ ನಿಧಾನವಾಗಿದೆಯೇ? ಅಷ್ಟು ಸರಳವಾಗಿದ್ದರೆ ಲೆಕ್ಕ ಹಾಕಿ ಸರಿದೂಗಿಸಬಹುದಿತ್ತು. ಕಾಲಾವಧಿ ಅಂದಾಜಿಸುವ ಪರೀಕ್ಷೆಗಳಲ್ಲಿ ಈ ಕಾಯಿಲೆಯವರ ಉತ್ತರಗಳು ಸದಾ ಒಂದೇ ಕಡೆಗೆ ವಾಲುವುದಿಲ್ಲ, ಚೆದುರುತ್ತವೆ. ಅದೇ ವ್ಯಕ್ತಿ ಒಮ್ಮೆ ಹೆಚ್ಚು ಹೇಳುತ್ತಾನೆ, ಇನ್ನೊಮ್ಮೆ ಕಡಿಮೆ ಹೇಳುತ್ತಾನೆ, ನಡುವೆ ಸರಿಯಾಗಿಯೂ ಹೇಳುತ್ತಾನೆ. ಸ್ನಾನದ ತಾಸು ಕ್ಷಣವಾಗಿ, ಚಹಾದ ಐದು ನಿಮಿಷ ಅರ್ಧ ದಿನವಾಗಿ ನಿಮ್ಮ ತಮ್ಮನಿಗೆ ತೋರುವುದು ಈ ಚೆದುರುವಿಕೆಗೆ ಹೊಂದುತ್ತದೆ. ‘ನಿನ್ನೆ ಸರಿಯಾಗಿಯೇ ಇದ್ದನಲ್ಲ’ ಎಂಬುದು ಸೋಗಿಗೆ ಸಾಕ್ಷಿಯಾಗುವುದಿಲ್ಲ.

ಸೆಕೆಂಡಿಗಿಂತ ಕಿರಿದಾದ ಹೊತ್ತಿನಲ್ಲಿ ಇದು ಇನ್ನೂ ಕುತೂಹಲದ ವಿಷಯ. ಎರಡು ದೀಪಗಳು ಒಂದರ ಹಿಂದೊಂದು ಮಿನುಗಿದಾಗ, ಅವು ಒಟ್ಟಿಗೆ ಬೆಳಗಲಿಲ್ಲ ಎಂದು ಗುರುತಿಸಲು ಇವರಿಗೆ ಇತರರಿಗಿಂತ ಹೆಚ್ಚಿನ ಅಂತರ ಬೇಕಾಗುತ್ತದೆ. ತಾನು ಮಾಡಿದ್ದಕ್ಕೂ ತನಗೆ ಆದದ್ದಕ್ಕೂ ಇರುವ ಗೆರೆ ಇಂಥ ಸಣ್ಣ ಲೆಕ್ಕಗಳ ಮೇಲೆ ನಿಂತಿದೆ. ನಾವು ಮಾತನಾಡುವ ಮುನ್ನವೇ ಮಿದುಳು ತನ್ನ ಶ್ರವಣ ಭಾಗಕ್ಕೆ ‘ಇದು ನಮ್ಮದೇ ಸದ್ದು’ ಎಂದು ಮುನ್ಸೂಚನೆ ಕೊಟ್ಟು, ಅಲ್ಲಿನ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಈ ತಗ್ಗುವಿಕೆ ಕಡಿಮೆ. 2011ರ ಒಂದು ಅಧ್ಯಯನದಲ್ಲಿ, ರೋಗಿಗಳು ತಾವೇ ಗುಂಡಿ ಒತ್ತಿ ಹೊರಡಿಸುವ ಸದ್ದನ್ನು 50 ಮಿಲಿಸೆಕೆಂಡ್ ತಡವಾಗಿ ಕೇಳಿಸಿದಾಗ ಆ ಪ್ರತಿಕ್ರಿಯೆ ಆರೋಗ್ಯವಂತರಂತೆಯೇ ತಗ್ಗಿತು. ಮುನ್ಸೂಚನೆ ಇತ್ತು, ತಡವಾಗಿ ತಲುಪುತ್ತಿತ್ತು ಎಂದು ಸಂಶೋಧಕರು ಊಹಿಸಿದರು. ತನ್ನದೇ ಯೋಚನೆ ಬೇರೆಯವರ ದನಿಯಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬಹುದು. ಪೂರ್ತಿ ವಿವರಣೆಯಂತೂ ಅಲ್ಲ. ಮಿದುಳಿನ ಒಂದು ಮೂಲೆ ಹಿಡಿದು ಇಡೀ ಕಾಯಿಲೆ ಬಿಡಿಸಿದೆವು ಎನ್ನುವವರನ್ನು ನಾವು ನಂಬುವುದಿಲ್ಲ.

ಯಂತ್ರಗಳಿಲ್ಲದ ಕಾಲದಲ್ಲೂ ಇದನ್ನು ಕಂಡವರಿದ್ದರು. ಯುಜೀನ್ ಮಿಂಕೋವ್‌ಸ್ಕಿ ಎಂಬ ಮನೋವೈದ್ಯರು ಪ್ಯಾರಿಸ್‌ನಲ್ಲಿ ರೋಗಿಯೊಬ್ಬರ ಜೊತೆ ಎರಡು ತಿಂಗಳು ವಾಸವಿದ್ದರು. ಇಂದು ರಾತ್ರಿ ತನ್ನನ್ನು ಕೊಲ್ಲುತ್ತಾರೆ ಎಂಬ ಭಯ ಆತನಿಗೆ. ರಾತ್ರಿ ಏನೂ ಆಗಲಿಲ್ಲವಲ್ಲ ಎಂದು ಮರುದಿನ ತೋರಿಸಿಕೊಟ್ಟರೂ ಪ್ರಯೋಜನವಿಲ್ಲ. ಅದೇ ಭಯ ಮೊದಲಿನಿಂದ ಶುರು. ಕಳೆದ ದಿನಗಳು ಕೂಡಿ ನಾಳೆಯ ಬಗ್ಗೆ ಭರವಸೆಯಾಗುತ್ತಿರಲಿಲ್ಲ. ತಂದೆಯವರಿಗೆ ಈ ಒಂದು ಪ್ರಸಂಗವನ್ನಾದರೂ ಓದಿ ಹೇಳಿ. ‘ಎಷ್ಟು ಸಲ ಹೇಳಬೇಕು’ ಎಂಬ ಗದರಿಕೆ ಇಲ್ಲಿ ಯಾಕೆ ನಾಟುವುದಿಲ್ಲ ಎಂಬುದು ಆಗ ತಿಳಿದೀತು.

ಮನೆಯಲ್ಲಿ ಏನು ಮಾಡಬಹುದು? ಇದು ಪ್ರಯೋಗಾಲಯದ ಮಾತಲ್ಲ, ನಮ್ಮ ಅಭಿಪ್ರಾಯ: ‘ಎಂಟಕ್ಕೆ ಮಾತ್ರೆ’ ಎನ್ನುವುದಕ್ಕಿಂತ ‘ರೊಟ್ಟಿ ಉಂಡ ಕೂಡಲೇ ಮಾತ್ರೆ’ ಎನ್ನಿ. ಸ್ನಾನಕ್ಕೆ ಹೋದಾಗ ಮೊಬೈಲಿನಲ್ಲಿ ಒಂದು ಹಾಡು ಹಚ್ಚಿ, ಮುಗಿದಾಗ ಬಾಗಿಲು ತಟ್ಟಿ. ತಡವಾದದ್ದರ ಪಂಚಾಯಿತಿ ಬೇಡ. ಸ್ನಾನದ ಕೋಣೆಯಲ್ಲಿ ಸುಮ್ಮನೆ ನಿಂತುಬಿಡುತ್ತಾನೆಯೇ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ; ಅದು ಹೊತ್ತಿನ ತೊಂದರೆಯೇ ಆಗಬೇಕಿಲ್ಲ, ಕಾಯಿಲೆಯ ಬೇರೆ ಲಕ್ಷಣವಾಗಿರಬಹುದು, ಮಾತ್ರೆಯ ಮಂಪರೂ ಇರಬಹುದು. ಡೋಪಮೈನ್ ತಡೆಯುವ ಮಾತ್ರೆಗಳು ಕಾಲದ ಅಂದಾಜನ್ನು ತುಸು ಬದಲಿಸಬಲ್ಲವು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ನಿಮ್ಮ ವೈದ್ಯರು ಸಿಗದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಮದುವೆ. ಸ್ಕಿಜೋಫ್ರೇನಿಯಾಕ್ಕೆ ಮದುವೆ ಔಷಧವಲ್ಲ ಎಂದು ಸೋದರಮಾವನವರಿಗೆ ನೇರವಾಗಿ ಹೇಳಿ. ಈ ಕಾಯಿಲೆ ಇರುವವರು ಮದುವೆಯಾಗಬಾರದು ಎಂದು ನಾವು ಹೇಳುತ್ತಿಲ್ಲ; ಚೇತರಿಸಿಕೊಂಡು ಸಂಸಾರ ನಡೆಸುವವರಿದ್ದಾರೆ. ಅದು ನಿಮ್ಮ ತಮ್ಮನೇ ಬಯಸಿ, ವೈದ್ಯರೊಡನೆ ಮಾತನಾಡಿ, ಹುಡುಗಿಗೆ ಎಲ್ಲವನ್ನೂ ತಿಳಿಸಿ ಆಗಬೇಕಾದ ತೀರ್ಮಾನ. ಮುಚ್ಚಿಟ್ಟು ಹೆಣ್ಣು ತರುವ ಯೋಚನೆ ಮನೆಯಲ್ಲಿದ್ದರೆ ನೀವೇ ಮುಂದೆ ನಿಂತು ತಡೆಯಿರಿ.

— ಸಂಪಾದಕ